ಬಿಸಿಲು ಕಂಡ ಕೈ, ಬಿಸಿಲು ಕಾಣದ ತೋಳು: ಮಾಗುವ ಚರ್ಮದ ಆರೈಕೆ

ಹೋದ ಏಪ್ರಿಲಿನಲ್ಲಿ ಗೋಕರ್ಣದ ಕಡೆಯ ತವರಿಗೆ ಹೋಗಿದ್ದಾಗ ಆಯಿಯ, ಅಂದರೆ ಅಮ್ಮನ, ಬೆನ್ನಿಗೆ ಎಣ್ಣೆ ಹಚ್ಚುತ್ತಿದ್ದೆ. ಆಯಿಗೆ ಈಗ 78. ಗದ್ದೆ, ಗೇರು ಬೇಣ, ಅಂಗಳದಲ್ಲಿ ಹಲಸಿನ ಹಪ್ಪಳ, ಮುರುಗಲ (ಕೋಕಂ) ಸಿಪ್ಪೆ ಎಂದು ಆಯುಷ್ಯವನ್ನೆಲ್ಲ ಬಿಸಿಲಿನಲ್ಲೇ ಕಳೆದ ಜೀವ. ಸೆರಗಿನಡಿ ಇದ್ದ ಬೆನ್ನು ತೆಳುವಾಗಿದ್ದರೂ ನಯವಾಗಿತ್ತು, ಒಂದು ಕಲೆಯೂ ಇರಲಿಲ್ಲ. ಒಂದು ಗೇಣು ಮೇಲೆ, ಕುತ್ತಿಗೆಯ ಹಿಂಭಾಗ ಮಾತ್ರ ಮಳೆ ತಪ್ಪಿದ ಗದ್ದೆಯಂತೆ ಚೌಕಚೌಕವಾಗಿ ಬಿರಿದಿತ್ತು. ಎರಡಕ್ಕೂ ವಯಸ್ಸು ಒಂದೇ.

"ಇಷ್ಟು ವಯಸ್ಸಾಯಿತು, ಇನ್ನೇನು ಚರ್ಮದ ಚಿಂತೆ" ಎಂಬ ಮಾತು ನಮ್ಮ ಮನೆಗಳಲ್ಲಿ ದಿನವೂ ಕೇಳುತ್ತದೆ. ನನಗೆ ಆ ಮಾತು ಒಪ್ಪಿಗೆಯಾಗುವುದಿಲ್ಲ. ರಾತ್ರಿಯಿಡೀ ತುರಿಸಿಕೊಳ್ಳುವವರಿಗೆ ನಿದ್ದೆ ಇಲ್ಲ, ಹಿಮ್ಮಡಿ ಒಡೆದವರಿಗೆ ಮೆಟ್ಟಿಲು ಹತ್ತಲಾಗುವುದಿಲ್ಲ, ತೆಳುವಾದ ಚರ್ಮಕ್ಕೆ ಕಿಟಕಿಯ ಚಿಲಕ ತಾಗಿದರೂ ಹದಿನೈದು ದಿನ ಮಾಯದ ಗಾಯ. ಆಯಿಗಾಗಿ, ಐವತ್ತು ದಾಟಿದ ನನಗಾಗಿ, ವೈದ್ಯರನ್ನು ಕೇಳಿ, ಮಾಡಿ ನೋಡಿ ಕಲಿತದ್ದನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇನೆ.

ಹೆಜ್ಜೆ 1: ಕಿಟಕಿಯ ಬಳಿ ಕುಳಿತು ನೋಡಿ

ಬೆಳಗಿನ ಬೆಳಕಿನಲ್ಲಿ ಅಂಗೈಯ ಹಿಂಬದಿಯನ್ನೂ ಕಂಕುಳಿನ ಕೆಳಗೆ ಬರುವ ತೋಳಿನ ಒಳಬದಿಯನ್ನೂ ಅಕ್ಕಪಕ್ಕ ಹಿಡಿದು ನೋಡಿ. ತೋಳಿನ ಒಳಬದಿಯಲ್ಲಿ ಕಾಣುವುದು ಬರಿಯ ವಯಸ್ಸು: ಸ್ವಲ್ಪ ತೆಳುವು, ಸ್ವಲ್ಪ ಸಡಿಲ, ಹಿಡಿಯಷ್ಟು ಸಣ್ಣ ನೆರಿಗೆ. ಕೈಯ ಹಿಂಬದಿಯಲ್ಲಿ ಕಾಣುವ ಕಂದು ಚುಕ್ಕೆ, ಒರಟು, ಆಳದ ಸುಕ್ಕು ಹೆಚ್ಚಿನದೆಲ್ಲ ಬಿಸಿಲಿನದು. ಮೊದಲನೆಯದನ್ನು ತಡೆಯಲು ಯಾರಿಂದಲೂ ಆಗದು. ಎರಡನೆಯದು ಬಹುಮಟ್ಟಿಗೆ ನಮ್ಮ ಕೈಯಲ್ಲೇ ಇದೆ. ಬೀಡಿ, ಸಿಗರೇಟು ಸೇದುವವರು ಇದೇ ಲೆಕ್ಕಕ್ಕೆ ಹೊಗೆಯನ್ನೂ ಸೇರಿಸಿಕೊಳ್ಳಬೇಕು. ಅದು ಚರ್ಮದ ಸಣ್ಣ ರಕ್ತನಾಳಗಳನ್ನು ಕುಗ್ಗಿಸುತ್ತದೆ.

ಒಳಗೆ ನಡೆಯುವುದು ಇಷ್ಟು. ಹರೆಯದಲ್ಲಿ ಚರ್ಮದ ಹೊರಪದರ ಸುಮಾರು 28 ದಿನಕ್ಕೊಮ್ಮೆ ಹೊಸದಾಗುತ್ತದೆ. ವಯಸ್ಸಾದಂತೆ ಇದಕ್ಕೆ 40 ದಿನಕ್ಕೂ ಹೆಚ್ಚು ಹಿಡಿಯುತ್ತದೆ. ಹಾಗಾಗಿ ಗಾಯ ನಿಧಾನವಾಗಿ ಮಾಯುತ್ತದೆ, ಮೈ ಮಂಕಾಗಿ ಕಾಣುತ್ತದೆ. ಒಳಪದರದಲ್ಲಿ ಚರ್ಮಕ್ಕೆ ಬಲ ಕೊಡುವ ಕೊಲಾಜೆನ್ ಎಂಬ ನಾರು ಇಪ್ಪತ್ತರ ಹರೆಯ ದಾಟಿದ ಮೇಲೆ ವರ್ಷಕ್ಕೆ ಸುಮಾರು ಶೇ 1ರಂತೆ ಕಡಿಮೆಯಾಗುತ್ತಾ ಬರುತ್ತದೆ. ಹೆಂಗಸರಲ್ಲಿ ಮುಟ್ಟು ನಿಂತ ಮೊದಲ ಐದು ವರ್ಷಗಳಲ್ಲಿ ಇಳಿಕೆ ತೀರಾ ಜೋರು, ಶೇ 30ರವರೆಗೂ ಹೋಗಬಹುದು. ಐವತ್ತರ ಆಸುಪಾಸಿನಲ್ಲಿ "ಒಮ್ಮೆಲೇ ಮುಖ ಇಳಿದುಹೋಯಿತು" ಎಂದು ಕಳವಳ ಪಡುವ ಅಕ್ಕತಂಗಿಯರೇ, ಅದು ನಿಮ್ಮ ಭ್ರಮೆಯೂ ಅಲ್ಲ, ನಿಮ್ಮ ತಪ್ಪೂ ಅಲ್ಲ. ಎಣ್ಣೆ ಒಸರುವ ಗ್ರಂಥಿಗಳೂ ಆಗಲೇ ಸೊರಗುತ್ತವೆ. ಗಂಡಸರಲ್ಲಿ ಈ ಒಣಗುವಿಕೆ ಕೆಲವು ವರ್ಷ ತಡವಾಗಿ ಬರುತ್ತದೆ.

ನಮ್ಮ ಕಂದು ಮೈಬಣ್ಣದಲ್ಲಿ ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಹೆಚ್ಚಿರುವುದರಿಂದ ಸುಕ್ಕು ತಡವಾಗಿ ಬರುತ್ತದೆ. ಬಂಗು, ಕಪ್ಪು ಕಲೆ, ಒಂದೆಡೆ ಗಾಢ ಒಂದೆಡೆ ತಿಳಿ ಬಣ್ಣ ಮಾತ್ರ ಬೇಗ ಬರುತ್ತವೆ. ಹಾಗಾಗಿ ಬಿಳಿ ಮೈಬಣ್ಣದವರಿಗೆಂದು ಮಾಡಿದ ಸುಕ್ಕಿನ ಜಾಹೀರಾತುಗಳನ್ನು ನೋಡಿ ನಮ್ಮ ಅಗತ್ಯವನ್ನು ಅಳೆಯಬಾರದು.

ಹೆಜ್ಜೆ 2: ಬಚ್ಚಲ ಹಂಡೆಯ ಬಿಸಿ ಇಳಿಸಿ

ನನ್ನ ಗಂಡನ ಮನೆ ಶಿರಸಿ ಸೀಮೆಯದು. ಮಳೆಗಾಲದಲ್ಲೂ ಡಿಸೆಂಬರಿನ ಚಳಿಯಲ್ಲೂ ಬಚ್ಚಲ ಒಲೆ ಆರುವುದೇ ಇಲ್ಲ. ಹಂಡೆಯ ನೀರು ಆವಿಯಾಡುತ್ತಿರಬೇಕು, ಮೈ ಕೆಂಪಾಗುವಂತೆ ಹೊಯ್ದುಕೊಳ್ಳಬೇಕು, ಆಗಲೇ ಸ್ನಾನ. ಆ ಸುಖ ನನಗೂ ಗೊತ್ತು. ಆದರೆ ಜಿಡ್ಡಿನ ಪಾತ್ರೆಯನ್ನು ಬಿಸಿನೀರಿನಲ್ಲಿ ತೊಳೆದಾಗ ಏನಾಗುತ್ತದೋ ಚರ್ಮಕ್ಕೂ ಅದೇ ಆಗುತ್ತದೆ. ಅರವತ್ತರ ಮೇಲೆ ಉಳಿದಿರುವ ಅಲ್ಪಸ್ವಲ್ಪ ಜಿಡ್ಡೂ ತೊಳೆದುಹೋಗಿ ಮೊಣಕಾಲಿನ ಕೆಳಗೆ ಮೀನಿನ ಹುರುಪೆಯಂತೆ ಸಿಪ್ಪೆ ಏಳುತ್ತದೆ, ರಾತ್ರಿ ನವೆ ಶುರುವಾಗುತ್ತದೆ.

ನೀರು ಉಗುರುಬೆಚ್ಚಗಿರಲಿ. ಹತ್ತು ನಿಮಿಷದೊಳಗೆ ಸ್ನಾನ ಮುಗಿಯಲಿ. ಸಾಬೂನನ್ನು ಕಂಕುಳು, ತೊಡೆಸಂದಿ, ಪಾದಗಳಿಗೆ ಮಾತ್ರ ಇಡಿ. ಕೈಕಾಲು, ಬೆನ್ನಿಗೆ ಪ್ರತಿದಿನ ಬೇಕಿಲ್ಲ. ಆರೋಗ್ಯವಂತ ಚರ್ಮ ತುಸು ಆಮ್ಲೀಯ, ಅದರ ಪಿಎಚ್ (ಆಮ್ಲ, ಕ್ಷಾರದ ಅಳತೆ) ಸುಮಾರು 5. ಸಾಮಾನ್ಯ ಸಾಬೂನಿನದು 9ರಿಂದ 10. ಈ ಅಂತರವನ್ನು ಹರೆಯದ ಚರ್ಮ ಬೇಗ ಸರಿಪಡಿಸಿಕೊಳ್ಳುತ್ತದೆ, ಮುದಿ ಚರ್ಮಕ್ಕೆ ತಡವಾಗುತ್ತದೆ. ಕಡಲೆಹಿಟ್ಟು ಬಳಸುವ ರೂಢಿ ಇದ್ದರೆ ಒಳ್ಳೆಯದೇ. ಆದರೆ ಒಣಹಿಟ್ಟನ್ನು ತಿಕ್ಕದೆ, ಹಾಲು ಅಥವಾ ಮೊಸರಿನಲ್ಲಿ ತೆಳ್ಳಗೆ ಕಲಸಿ ಸವರಿ ತೊಳೆಯಬೇಕು. ನಾರಿನಿಂದ ಉಜ್ಜುವುದನ್ನು ಎಪ್ಪತ್ತು ದಾಟಿದವರಿಗೆ ಬಿಡಿಸಿಬಿಡಿ. ಟವೆಲಿನಿಂದ ಒರೆಸುವಾಗಲೂ ಒತ್ತಿ ಒತ್ತಿ ತೆಗೆಯಬೇಕು, ತಿಕ್ಕಬಾರದು.

ಹೆಜ್ಜೆ 3: ಮೈಯ ತೇವ ಆರುವ ಮುನ್ನ ಎಣ್ಣೆ

ಇಡೀ ಲೇಖನದಲ್ಲಿ ಒಂದನ್ನೇ ಪಾಲಿಸುತ್ತೇನೆ ಎನ್ನುವವರು ಇದನ್ನು ಪಾಲಿಸಿ. ನಾವು ಸ್ನಾನಕ್ಕೆ ಮೊದಲು ಎಣ್ಣೆ ಹಚ್ಚಿ ಸೀಗೆಯಲ್ಲಿ ತೊಳೆದುಬಿಡುತ್ತೇವೆ. ದೀಪಾವಳಿಯ ಅಭ್ಯಂಜನಕ್ಕೆ ಅದು ಸರಿ. ಒಣ ಚರ್ಮಕ್ಕೆ ಬೇಕಾದದ್ದು ಸ್ನಾನದ ನಂತರದ ಎಣ್ಣೆ. ಮೈ ಒರೆಸಿದ ಮೂರು ನಿಮಿಷದೊಳಗೆ, ಚರ್ಮ ಇನ್ನೂ ತುಸು ತೇವವಾಗಿರುವಾಗ ಹಚ್ಚಿದರೆ ಎಣ್ಣೆ ಆ ನೀರಿನ ಮೇಲೆ ಮುಚ್ಚಳದಂತೆ ಕೂರುತ್ತದೆ. ಪೂರ್ತಿ ಒಣಗಿದ ಮೇಲೆ ಹಚ್ಚಿದ ಎಣ್ಣೆಗೆ ಹಿಡಿದಿಡಲು ಒಳಗೆ ನೀರೇ ಇರುವುದಿಲ್ಲ.

ಯಾವ ಎಣ್ಣೆ? ಕೈಕಾಲು, ಬೆನ್ನು, ಹೊಟ್ಟೆಗೆ ನಮ್ಮ ತೆಂಗಿನೆಣ್ಣೆ ಸಾಕು. ಎರಡು ಚಮಚ ಇಡೀ ಮೈಗೆ ಆಗುತ್ತದೆ. ಮೊಡವೆ ಬರುವ ಮುಖಕ್ಕೆ ಅದು ಬೇಡ, ರಂಧ್ರ ಕಟ್ಟುತ್ತದೆ. ಆಲಿವ್ ಎಣ್ಣೆ, ಸಾಸಿವೆ ಎಣ್ಣೆಯನ್ನು ದುಬಾರಿ ಬೆಲೆಗೆ ತಂದು ಹಚ್ಚುವವರಿದ್ದಾರೆ. ಒಣ ಚರ್ಮದ ರಕ್ಷಣಾ ಪದರಕ್ಕೆ ಅವು ತೆಂಗಿನೆಣ್ಣೆಯಷ್ಟು ಹಿತವಲ್ಲ. ಅಂಗಳದ ತೆಂಗು ಬಿಟ್ಟು ಅದಕ್ಕೆ ದುಡ್ಡು ಸುರಿಯುವುದು ಬೇಡ.

ಇನ್ನು ಮುರುಗಲ ತುಪ್ಪ. ಏಪ್ರಿಲ್, ಮೇ ತಿಂಗಳಲ್ಲಿ ಮುರುಗಲ ಹಣ್ಣಿನ ಸಿಪ್ಪೆಯನ್ನು ಸಾರು, ಶರಬತ್ತಿಗೆ ತೆಗೆದಿಟ್ಟು ಬೀಜವನ್ನು ಎಸೆಯುವ ಮನೆಗಳೇ ಈಗ ಹೆಚ್ಚು. ನಮ್ಮಜ್ಜಿ ಬೀಜವನ್ನು ಬೂದಿಯಲ್ಲಿ ಉಜ್ಜಿ, ಒಣಗಿಸಿ, ಒರಳಿನಲ್ಲಿ ಕುಟ್ಟಿ, ನೀರಿನಲ್ಲಿ ಗಂಟೆಗಟ್ಟಲೆ ಕುದಿಸುತ್ತಿದ್ದರು. ಮೇಲೆ ತೇಲಿದ ಕೊಬ್ಬು ತಣಿದು ಹೆಪ್ಪುಗಟ್ಟಿದಾಗ ತೆಗೆದು ಉಂಡೆ ಕಟ್ಟಿಡುತ್ತಿದ್ದರು. ಆ ಉಂಡೆ ವರ್ಷವಿಡೀ ಕೆಡುತ್ತಿರಲಿಲ್ಲ. ಈ ತುಪ್ಪ ಕರಗುವುದು ಸುಮಾರು 40 ಡಿಗ್ರಿಯಲ್ಲಿ. ಆದ್ದರಿಂದ ಬೇಸಿಗೆಯಲ್ಲೂ ಗಟ್ಟಿಯಾಗಿರುತ್ತದೆ, ಹಚ್ಚಿದ ಮೇಲೆ ಹರಿದುಹೋಗದೆ ಅಲ್ಲೇ ನಿಲ್ಲುತ್ತದೆ. ಬಿಸಿ ಚಮಚದ ಹಿಂಬದಿಯಿಂದ ಉಂಡೆಯನ್ನು ಸವರಿ, ಚಮಚಕ್ಕೆ ಬಂದಷ್ಟನ್ನು ಒಂದೆರಡು ಹನಿ ತೆಂಗಿನೆಣ್ಣೆಯೊಂದಿಗೆ ಬೆರಳಿನಲ್ಲಿ ಮಸೆದು, ಆರಿದ ಮೇಲೆ ಹಚ್ಚಿ. ತುಟಿ, ಮೊಣಕೈ, ಹಿಮ್ಮಡಿಗೆ ಇದಕ್ಕಿಂತ ಒಳ್ಳೆಯದು ನಮ್ಮ ಜಿಲ್ಲೆಯಲ್ಲಿ ಬೇರೆ ಇದೆಯೆಂದು ನನಗೆ ಅನ್ನಿಸುವುದಿಲ್ಲ. ಶಿರಸಿ, ಕುಮಟಾ ಪೇಟೆಗಳಲ್ಲಿ ಕೇಳಿದರೆ ಸಿಗುತ್ತದೆ. ಸಿಗದಿದ್ದರೆ ಪೆಟ್ರೋಲಿಯಂ ಜೆಲ್ಲಿ ಅದೇ ಕೆಲಸ ಮಾಡುತ್ತದೆ.

ಎಣ್ಣೆಯೊಂದರಿಂದಲೇ ಸಿಪ್ಪೆ ಏಳುವುದು ನಿಲ್ಲದಿದ್ದರೆ ಔಷಧದ ಅಂಗಡಿಯಲ್ಲಿ ಗ್ಲಿಸರಿನ್, ಸೆರಮೈಡ್ ಅಥವಾ ಶೇ 5ರಿಂದ 10 ಯೂರಿಯಾ ಇರುವ, ಪರಿಮಳ ಹಾಕದ ಕ್ರೀಮ್ ಕೇಳಿ. ಒಡೆದ ಗಾಯದ ಮೇಲೆ ಯೂರಿಯಾ ಉರಿಯುತ್ತದೆ, ಅಲ್ಲಿ ಹಚ್ಚಬೇಡಿ. ಒಂದು ಎಚ್ಚರಿಕೆ: ಎಣ್ಣೆ ಹಚ್ಚಿದ ಪಾದದಲ್ಲಿ ಒದ್ದೆ ಬಚ್ಚಲಲ್ಲಿ ನಡೆಯಬಾರದು. ಹಿರಿಯರನ್ನು ಹೊರಗೆ ಕೂರಿಸಿಯೇ ಪಾದಕ್ಕೆ ಹಚ್ಚಿ.

ಹೆಜ್ಜೆ 4: ನೆರಳನ್ನು ಅಳೆಯಿರಿ

ಕಾರವಾರದಿಂದ ಭಟ್ಕಳದವರೆಗೆ, ಘಟ್ಟದ ಮೇಲಿನ ಶಿರಸಿಯಲ್ಲೂ, ಏಪ್ರಿಲ್ ಕೊನೆಯ ಹೊತ್ತಿಗೆ ಸೂರ್ಯ ನೇರ ನೆತ್ತಿಗೆ ಬರುತ್ತಾನೆ. ಆಗಸ್ಟ್ ನಡುವೆ ಮತ್ತೊಮ್ಮೆ ಬರುತ್ತಾನೆ, ಮೋಡದ ಹಿಂದೆ. ನಮ್ಮ ಗಡಿಯಾರ ನಡೆಯುವುದು ಪೂರ್ವಕ್ಕೆ ಬಹು ದೂರವಿರುವ 82.5 ಡಿಗ್ರಿ ರೇಖಾಂಶದ ಹೊತ್ತಿಗೆ. ನಾವಿರುವುದು ಸುಮಾರು 74ರಲ್ಲಿ. ಹಾಗಾಗಿ ನಮ್ಮಲ್ಲಿ ನಿಜವಾದ ನಡುಹಗಲು ಹನ್ನೆರಡೂವರೆಯ ಆಸುಪಾಸು. "ಹನ್ನೆರಡು ಕಳೆಯಿತು, ಬಿಸಿಲು ಇಳಿಯಿತು" ಎಂದು ಹೊರಡುವವರು ಸರಿಯಾಗಿ ಉರಿಯೊಳಗೇ ಕಾಲಿಡುತ್ತಾರೆ. ಗಡಿಯಾರಕ್ಕಿಂತ ನೆರಳು ಒಳ್ಳೆಯ ಅಳತೆ: ನಿಮ್ಮ ನೆರಳು ನಿಮಗಿಂತ ಗಿಡ್ಡವಿದ್ದಷ್ಟು ಹೊತ್ತು ಚರ್ಮ ಸುಡುವ ಕಿರಣ ಜೋರಾಗಿದೆ ಎಂದರ್ಥ. ಹಪ್ಪಳ ಹರವುವುದನ್ನು ಒಂಬತ್ತರೊಳಗೆ ಮುಗಿಸಿ, ತೆಗೆಯುವುದನ್ನು ನಾಲ್ಕರ ಮೇಲೆ ಇಟ್ಟುಕೊಳ್ಳಿ.

ಎಲ್ಲರಿಗೂ ಹೊತ್ತು ಆರಿಸಿಕೊಳ್ಳುವ ಭಾಗ್ಯವಿಲ್ಲ. ಸಾಣಿಕಟ್ಟಾದ ಉಪ್ಪಿನ ಆಗರದಲ್ಲಿ ದುಡಿಯುವವರು ಬಿಸಿಲನ್ನೇ ನಂಬಿದವರು. ಅಘನಾಶಿನಿ ನದಿಯ ಅಳಿವೆಯಲ್ಲಿ ಬಳಚು (ಚಿಪ್ಪುಮೀನು) ಹೆಕ್ಕುವ ಹೆಂಗಸರು ಸಮುದ್ರದ ಇಳಿತಕ್ಕೆ ಕಾಯಬೇಕೇ ಹೊರತು ಸೂರ್ಯನಿಗಲ್ಲ. ಒಣ ಮರಳು ತನ್ನ ಮೇಲೆ ಬಿದ್ದ ನೇರಳಾತೀತ ಕಿರಣದ ಶೇ 15ರಷ್ಟನ್ನು, ಅಲೆಯ ನೊರೆ ಶೇ 25ರಷ್ಟನ್ನು ಮತ್ತೆ ಮುಖಕ್ಕೆ ಎಸೆಯುತ್ತವೆ; ತೆಳು ಮೋಡವಿದ್ದರೆ ಶೇ 80ರವರೆಗೂ ಕಿರಣ ದಾಟಿ ಬರುತ್ತದೆ. ಇಂಥ ಕೆಲಸದವರಿಗೆ ಬಟ್ಟೆಯೇ ಮೊದಲ ಔಷಧಿ. ಉದ್ದ ತೋಳಿನ, ಒತ್ತಾಗಿ ನೇಯ್ದ, ಗಾಢ ಬಣ್ಣದ ಹತ್ತಿಯ ಅಂಗಿಯನ್ನು ಸೀರೆಯ ಮೇಲೆ ಹಾಕಿಕೊಳ್ಳುವ ರೂಢಿ ನಮ್ಮ ಗದ್ದೆಗಳಲ್ಲಿ ಇದೆಯಲ್ಲ, ಅದು ಬಹಳ ಸರಿಯಾದದ್ದು. ಅಡಿಕೆ ಹಾಳೆಯ ಟೊಪ್ಪಿ ನೆತ್ತಿಯನ್ನು ಕಾಯುತ್ತದೆ, ಕಿವಿ ಮತ್ತು ಕುತ್ತಿಗೆಯನ್ನು ಕಾಯುವುದಿಲ್ಲ. ಟೊಪ್ಪಿಯ ಕೆಳಗೆ ಒಂದು ತೆಳು ಟವೆಲನ್ನು ಹಿಂದೆ ಇಳಿಬಿಡಿ. ಆಯಿಯ ಕುತ್ತಿಗೆಗೆ ಐವತ್ತು ವರ್ಷದ ಹಿಂದೆ ಅಷ್ಟು ಮಾಡಿದ್ದರೆ ಸಾಕಿತ್ತು.

ತೆರೆದಿರುವ ಮುಖ, ಕೈಗೆ ಸನ್‌ಸ್ಕ್ರೀನ್. ಡಬ್ಬಿಯ ಮೇಲಿನ ಎಸ್‌ಪಿಎಫ್ ಎಂಬ ರಕ್ಷಣೆಯ ಅಂಕಿ 30 ಇದ್ದರೆ ಸಾಕು. ಅದು ಸುಡುವ ಯುವಿಬಿ ಕಿರಣದ ಸುಮಾರು ಶೇ 97ನ್ನು ತಡೆಯುತ್ತದೆ, 50 ಎಂದರೆ ಶೇ 98. ಈ ಒಂದು ಅಂಶಕ್ಕಾಗಿ ಹೆಚ್ಚು ದುಡ್ಡು ಕೊಡುವುದಕ್ಕಿಂತ ಸರಿಯಾದ ಪ್ರಮಾಣ ಹಚ್ಚುವುದು ಮುಖ್ಯ. ತೋರುಬೆರಳು, ನಡುಬೆರಳಿನ ಉದ್ದಕ್ಕೂ ಎರಡು ಗೆರೆ ಹಿಂಡಿದರೆ ಎಷ್ಟಾಗುತ್ತದೋ ಅಷ್ಟು ಮುಖ ಮತ್ತು ಕುತ್ತಿಗೆಗೆ ಬೇಕು. ಹೊರಡುವ ಇಪ್ಪತ್ತು ನಿಮಿಷ ಮೊದಲು ಹಚ್ಚಿ, ಬೆವರುವ ನಮ್ಮ ಹವೆಯಲ್ಲಿ ಎರಡು ತಾಸಿಗೊಮ್ಮೆ ಮತ್ತೆ ಹಚ್ಚಿ. ಡಬ್ಬಿಯ ಮೇಲೆ 'ಪಿಎ' ಎಂಬ ಗುರುತಿನ ಮುಂದೆ ಕನಿಷ್ಠ ಮೂರು ಕೂಡುವ ಚಿಹ್ನೆ ಇರಲಿ. ಮುಪ್ಪು ತರುವ, ಬಸ್ಸಿನ ಕಿಟಕಿಯ ಗಾಜನ್ನೂ ದಾಟುವ ಯುವಿಎ ಕಿರಣಕ್ಕೆ ಅದು ಬೇಕು. ಬಂಗು ಇರುವವರಿಗೆ ಐರನ್ ಆಕ್ಸೈಡ್ ಇರುವ, ಮೈಬಣ್ಣದ ಸನ್‌ಸ್ಕ್ರೀನ್ ಹೆಚ್ಚು ಉಪಯುಕ್ತ.

ಹೆಜ್ಜೆ 5: ದುಡಿಯುವ ಕೈ, ನಡೆಯುವ ಕಾಲು

ಅಡಿಕೆ ಸುಲಿದ ಕೈಯ ಕಪ್ಪು ಕಲೆಯನ್ನು ಬ್ಲೀಚಿಂಗ್ ಪುಡಿಯಲ್ಲಿ ತೊಳೆಯುವವರನ್ನು ಕಂಡಿದ್ದೇನೆ. ದಯವಿಟ್ಟು ಬೇಡ. ಸುಲಿಯುವ ಮೊದಲೇ ತೆಂಗಿನೆಣ್ಣೆ ಹಚ್ಚಿಕೊಂಡರೆ ಕಲೆ ಅಷ್ಟು ಹಿಡಿಯುವುದಿಲ್ಲ. ಉಳಿದದ್ದು ತಾನಾಗಿ ಹೋಗುತ್ತದೆ. ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣದ ಬೋರ್ಡೋ ದ್ರಾವಣ ಸಿಂಪಡಿಸುವವರು ರಬ್ಬರ್ ಕೈಗವಸು, ತುಂಬು ತೋಳಿನ ಅಂಗಿ ಹಾಕಲೇಬೇಕು. ಗೇರುಬೀಜದ ಸಿಪ್ಪೆಯ ಎಣ್ಣೆ ಚರ್ಮವನ್ನು ನೇರವಾಗಿ ಸುಡುತ್ತದೆ. ಮೀನು ಹೆಚ್ಚುವವರು, ಪಾತ್ರೆ ತೊಳೆಯುವವರು ಪ್ರತಿ ಸಲ ಕೈ ಒರೆಸಿದ ಮೇಲೆ ಬೆರಳಿನ ಸಂದಿಗೆ ಒಂದು ಹನಿ ಎಣ್ಣೆ ಸವರಿಕೊಂಡರೆ ಬಿರುಕು ಬರುವುದಿಲ್ಲ.

ಹಿಮ್ಮಡಿ ಒಡಕಿಗೆ: ರಾತ್ರಿ ಉಗುರುಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷ ಪಾದ ಇಟ್ಟು, ನಯವಾದ ಕಲ್ಲಿನಿಂದ ಒಂದೇ ದಿಕ್ಕಿಗೆ ಮೆಲ್ಲನೆ ಉಜ್ಜಿ, ಒರೆಸಿ, ಮುರುಗಲ ತುಪ್ಪ ತುಂಬಿ, ಹತ್ತಿಯ ಕಾಲುಚೀಲ ಹಾಕಿ ಮಲಗಿ. ವಾರದೊಳಗೆ ವ್ಯತ್ಯಾಸ ಕಾಣುತ್ತದೆ. ಸಕ್ಕರೆ ಕಾಯಿಲೆ ಇರುವವರು ಕಲ್ಲು, ಬ್ಲೇಡು ಮುಟ್ಟಬಾರದು. ಪಾದಕ್ಕೆ ಬಿಸಿ ತಿಳಿಯದಿರಬಹುದಾದ್ದರಿಂದ ನೀರನ್ನು ಮೊಣಕೈಯಿಂದ ಪರೀಕ್ಷಿಸಬೇಕು, ಕಾಲ್ಬೆರಳಿನ ಸಂದಿಗೆ ಎಣ್ಣೆ ಹಚ್ಚಬಾರದು, ದಿನಕ್ಕೊಮ್ಮೆ ಪಾದದ ಅಡಿಯನ್ನು ಕನ್ನಡಿಯಲ್ಲಿ ನೋಡಿಕೊಳ್ಳಬೇಕು.

ಹೆಜ್ಜೆ 6: ಜೂನ್ ಬಂದಾಗ

ಮಳೆಗಾಲದಲ್ಲಿ ಲೆಕ್ಕ ತಿರುಗುತ್ತದೆ. ಕೈಕಾಲು ಒಣಗುವುದು ನಿಲ್ಲದಿದ್ದರೂ ಎದೆಯ ಕೆಳಗೆ, ತೊಡೆಸಂದಿ, ಕಾಲ್ಬೆರಳಿನ ನಡುವೆ ತೇವ ನಿಲ್ಲುತ್ತದೆ. ಅಲ್ಲಿ ಹುಳುಕಡ್ಡಿ ಏಳುತ್ತದೆ. ಆ ಜಾಗಗಳಿಗೆ ಎಣ್ಣೆ ಬೇಡ, ಒಣ ಬಟ್ಟೆಯಿಂದ ಒತ್ತಿ ಒರೆಸಿ. ಅರೆಬರೆ ಒಣಗಿದ ಒಳಉಡುಪು ತೊಡಬೇಡಿ. ಒಲೆಯ ಮೇಲಿನ ಅಟ್ಟದಲ್ಲಾದರೂ ಒಣಗಿಸಿ, ಇಸ್ತ್ರಿ ಮಾಡಿ. ಪೌಡರು ಬೆವರಿನಲ್ಲಿ ಮುದ್ದೆಗಟ್ಟಿ ತಿಕ್ಕುತ್ತದೆ, ಅದನ್ನು ನಂಬಬೇಡಿ.

ತೋಟದಲ್ಲಿ ಉಂಬಳ (ಜಿಗಣೆ) ಕಚ್ಚಿದರೆ ಸುಣ್ಣ ಹಚ್ಚುವ ಅಭ್ಯಾಸವನ್ನು ಹಿರಿಯರ ಮಟ್ಟಿಗೆ ಕೈಬಿಡಬೇಕು. ತೆಳು ಚರ್ಮವನ್ನು ಸುಣ್ಣ ಸುಡುತ್ತದೆ. ಉಗುರಿನಿಂದ ಅದರ ಸಪೂರ ತುದಿಯನ್ನು ಪಕ್ಕಕ್ಕೆ ಜಾರಿಸಿ ಬಿಡಿಸಿ, ಶುಭ್ರ ಬಟ್ಟೆಯಿಂದ ಹದಿನೈದು ನಿಮಿಷ ಒತ್ತಿ ಹಿಡಿಯಿರಿ. ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರಿಗೆ ಇನ್ನೂ ಹೆಚ್ಚು ಹೊತ್ತು ಬೇಕಾಗುತ್ತದೆ.

ಹೆಜ್ಜೆ 7: ಮುಖಕ್ಕೆ ಹಚ್ಚಬಾರದ್ದು

ನನ್ನ ಹತ್ತಿರದ ಸಂಬಂಧಿಯೊಬ್ಬಳು ಬಂಗಿಗೆಂದು ಅಂಗಡಿಯಿಂದ ಒಂದು ಮುಲಾಮು ತಂದಳು. ಹದಿನೈದು ದಿನದಲ್ಲಿ ಮುಖ ಬೆಳ್ಳಗಾಯಿತು. ಎಲ್ಲರೂ ಹೆಸರು ಕೇಳಿದರು. ಎಂಟು ತಿಂಗಳಿಗೆ ಕೆನ್ನೆಯಲ್ಲಿ ಕೆಂಪು ನರಗಳು ಎದ್ದವು, ಒಲೆಯ ಮುಂದೆ ನಿಂತರೆ ಉರಿ, ಮುಲಾಮು ಬಿಟ್ಟರೆ ಇನ್ನೂ ಉರಿ. ಅದರಲ್ಲಿ ಇದ್ದದ್ದು ಸ್ಟೀರಾಯ್ಡ್. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದ ಔಷಧಿಗಳ ಪಟ್ಟಿಗೆ ಸೇರಿಸಿದೆ. ಕೊಳವೆಯ ಮೇಲೆ ಬೀಟಾಮೆಥಸೋನ್, ಕ್ಲೋಬೆಟಸೋಲ್, ಮೊಮೆಟಸೋನ್ ಎಂಬ ಹೆಸರಿದ್ದರೆ, ವೈದ್ಯರು ಬರೆದುಕೊಡದ ಹೊರತು ಮುಖಕ್ಕೆ ಮುಟ್ಟಿಸಬೇಡಿ. ಹುಳುಕಡ್ಡಿಗೆ ಅದನ್ನು ಹಚ್ಚಿದರೆ ಮೊದಲು ತುರಿಕೆ ಇಳಿದು, ಆಮೇಲೆ ರೋಗ ಹರಡುತ್ತದೆ. ತಯಾರಕರ ಹೆಸರೇ ಇಲ್ಲದ ಬಿಳಿಯಾಗಿಸುವ ಕ್ರೀಮುಗಳಲ್ಲಿ ಪಾದರಸ ಇರಬಹುದು. ಅದು ಮೂತ್ರಪಿಂಡವನ್ನೇ ಕೆಡಿಸುತ್ತದೆ. ನಿಂಬೆರಸ ಹಚ್ಚಿ ಬಿಸಿಲಿಗೆ ಹೋದರೆ ಸುಟ್ಟು ಕಪ್ಪು ಕಲೆ ಉಳಿಯುತ್ತದೆ.

ಸುಕ್ಕು ಕಡಿಮೆಯಾಗಲಿ ಎಂಬ ಆಸೆ ತಪ್ಪಲ್ಲ. ಅದಕ್ಕೆ ಆಧಾರವಿರುವ ವಸ್ತು ರೆಟಿನಾಲ್. ರಾತ್ರಿ ಮಾತ್ರ, ಬಟಾಣಿ ಕಾಳಿನಷ್ಟು, ಮೊದಲ ತಿಂಗಳು ವಾರಕ್ಕೆ ಎರಡು ದಿನ. ಫಲ ಕಾಣಲು ಮೂರರಿಂದ ಆರು ತಿಂಗಳು. ಹಗಲು ಸನ್‌ಸ್ಕ್ರೀನ್ ಬಿಡುವಂತಿಲ್ಲ. ಬಸುರಿಯರು ಬಳಸಲೇಬಾರದು.

ಹೆಜ್ಜೆ 8: ಎಪ್ಪತ್ತರ ಮೇಲಿನ ಕಾಗದದ ಚರ್ಮ

ಮುಂಗೈಯಲ್ಲಿ ಏನೂ ತಾಗದೆಯೇ ನೇರಳೆ ಕಲೆ ಮೂಡಿದರೆ ಗಾಬರಿ ಬೇಡ. ಒಳಗಿನ ಸಣ್ಣ ರಕ್ತನಾಳಗಳಿಗೆ ಆಸರೆ ಕಡಿಮೆಯಾಗಿ ಹಾಗಾಗುತ್ತದೆ. ಮೈಯೆಲ್ಲ ಬಂದರೆ ಮಾತ್ರ ತೋರಿಸಬೇಕು. ಹಿರಿಯರನ್ನು ಎಬ್ಬಿಸುವಾಗ ಮುಂಗೈ ಹಿಡಿದು ಎಳೆಯದೆ ಕಂಕುಳಿನಡಿ ಕೈಕೊಟ್ಟು ಎಬ್ಬಿಸಿ. ನಿಮ್ಮ ಬಳೆ, ಉಂಗುರದ ಚೂಪು ನೋಡಿಕೊಳ್ಳಿ. ಚರ್ಮ ಹರಿದು ಜೋತರೆ ಆ ತುಂಡನ್ನು ಕತ್ತರಿಸಬೇಡಿ; ಕುದಿಸಿ ಆರಿಸಿದ ನೀರಿನಲ್ಲಿ ತೊಳೆದು, ಮೆಲ್ಲಗೆ ಮೊದಲಿನ ಜಾಗಕ್ಕೆ ಹೊದಿಸಿ, ಅಂಟುಪಟ್ಟಿ ಹಾಕದೆ ಸಡಿಲ ಬಟ್ಟೆ ಸುತ್ತಿ ಆಸ್ಪತ್ರೆಗೆ ಕರೆದೊಯ್ಯಿರಿ. ಹಾಸಿಗೆ ಹಿಡಿದವರನ್ನು ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಿ, ಹಿಮ್ಮಡಿ ಹಾಸಿಗೆಗೆ ತಾಗದಂತೆ ಮೀನಖಂಡದ ಕೆಳಗೆ ದಿಂಬಿಡಿ. ಕೆಂಪಾದ ಮೂಳೆಯ ಭಾಗವನ್ನು ಎಣ್ಣೆ ಹಾಕಿ ತಿಕ್ಕಬೇಡಿ, ಅಲ್ಲಿ ಭಾರ ಬೀಳದಂತೆ ನೋಡಿ.

ಊಟದ ಬಗ್ಗೆ ಹೆಚ್ಚೇನಿಲ್ಲ. ಗಾಯ ಮಾಯಲು ಪ್ರೋಟೀನ್ ಬೇಕು. ಬರಿಯ ಗಂಜಿ, ಉಪ್ಪಿನಕಾಯಿಯಲ್ಲಿ ದಿನ ದೂಡುವ ಹಿರಿಯರಿಗೆ ಬೇಳೆ, ಮೊಸರು, ಮೊಟ್ಟೆ, ತಿನ್ನುವವರಿದ್ದರೆ ತಾರ್ಲೆ, ಬಂಗಡೆ ಕೊಡಿ. ನೆಲ್ಲಿಕಾಯಿ ತಂಬುಳಿ ಒಳ್ಳೆಯದು.

ಹೆಜ್ಜೆ 9: ಯಾವಾಗ ತೋರಿಸಬೇಕು

ಮೊದಲನೆಯದು ಸರ್ಪಸುತ್ತು. ಸೊಂಟ, ಎದೆ ಅಥವಾ ಹಣೆಯ ಒಂದೇ ಬದಿಗೆ ಉರಿಯ ಜೊತೆ ನೀರ್ಗುಳ್ಳೆ ಎದ್ದರೆ ಅದು ಹಿಂದೆ ಬಂದ ಸೀತಾಳೆ ಸಿಡುಬಿನದೇ ವೈರಸ್. ಔಷಧಿ ಚೆನ್ನಾಗಿ ಕೆಲಸ ಮಾಡುವುದು ಮೊದಲ 72 ತಾಸಿನಲ್ಲಿ. ನಮ್ಮಲ್ಲಿ ಆ ಮೂರು ದಿನ ಕೆಮ್ಮಣ್ಣು ಬರೆಸುವುದರಲ್ಲೇ ಕಳೆದುಹೋಗುತ್ತದೆ. ಆಮೇಲಿನ ನರದ ನೋವು ವರ್ಷಗಟ್ಟಲೆ ಉಳಿಯಬಹುದು. ಬರೆಸುವುದಿದ್ದರೂ ಮೊದಲು ಆಸ್ಪತ್ರೆಗೆ ಹೋಗಿ ಬನ್ನಿ. ಕಣ್ಣಿನ ಸುತ್ತ ಬಂದರೆ ಅದೇ ದಿನ.

ಮುಟ್ಟಿದರೆ ಗೊತ್ತಾಗದ, ಬಣ್ಣ ತಿಳಿಯಾದ ಅಥವಾ ತಾಮ್ರ ಬಣ್ಣದ ಮಚ್ಚೆ ಕುಷ್ಠದ ಗುರುತಾಗಿರಬಹುದು. ಪೂರ್ತಿ ಗುಣವಾಗುವ ಕಾಯಿಲೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಔಷಧಿ ಉಚಿತ. ಮನೆಮಂದಿಗೆಲ್ಲ ರಾತ್ರಿ ತುರಿಕೆ ಎಂದರೆ ಕಜ್ಜಿ, ಎಲ್ಲರೂ ಒಟ್ಟಿಗೆ ಔಷಧಿ ಮಾಡಬೇಕು. ಚರ್ಮ ನಯವಾಗಿದ್ದೂ ಮೈಯೆಲ್ಲ ತುರಿಸಿದರೆ ಸಕ್ಕರೆ, ಥೈರಾಯ್ಡ್, ಯಕೃತ್ತು (ಲಿವರ್), ಮೂತ್ರಪಿಂಡದ ಪರೀಕ್ಷೆ ಮಾಡಿಸಿ.

ನಾಲ್ಕು ವಾರ ಕಳೆದರೂ ಮಾಯದ ಹುಣ್ಣು, ರಕ್ತ ಒಸರುವ ಗಂಟು, ಅಂಚು ಹರಡುತ್ತಿರುವ ಕಪ್ಪು ಮಚ್ಚೆಯನ್ನು ಚರ್ಮವೈದ್ಯರೇ ನೋಡಬೇಕು. ನಮ್ಮ ಮೈಬಣ್ಣದವರಲ್ಲಿ ಕೆಟ್ಟ ಮಚ್ಚೆ ಹೆಚ್ಚಾಗಿ ಬರುವುದು ಅಂಗಾಲು, ಅಂಗೈ, ಉಗುರಿನಡಿ, ಅಂದರೆ ಯಾರೂ ನೋಡದ ಜಾಗದಲ್ಲಿ. ಆದ್ದರಿಂದ ಆಯಿಗೆ ಎಣ್ಣೆ ಹಚ್ಚುವ ದಿನ ನಾನು ಅಂಗಾಲನ್ನೂ ಬೆನ್ನನ್ನೂ ನೋಡುತ್ತೇನೆ. ಹೊಸದೇನಾದರೂ ಕಂಡರೆ ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯವಿಟ್ಟು ಮೊಬೈಲಿನಲ್ಲಿ ಫೋಟೋ ತೆಗೆದು, ತಿಂಗಳ ನಂತರ ಅದೇ ನಾಣ್ಯವಿಟ್ಟು ಇನ್ನೊಂದು ತೆಗೆಯುತ್ತೇನೆ. ಎರಡನ್ನೂ ಅಕ್ಕಪಕ್ಕ ಇಟ್ಟಾಗ ದೊಡ್ಡದಾಗಿದೆ ಎನ್ನಿಸಿದರೆ, ಮರುದಿನದ ಬೆಳಗಿನ ಬಸ್ಸಿಗೆ ಕಾರವಾರದ ಜಿಲ್ಲಾ ಆಸ್ಪತ್ರೆಗೆ ಹೊರಡುವುದು. ಹೋಗುವಾಗ ಆ ಎರಡು ಫೋಟೋ, ತಿನ್ನುವ ಮಾತ್ರೆಗಳ ಚೀಟಿ ಮತ್ತು ಈವರೆಗೆ ಹಚ್ಚಿದ ಎಲ್ಲ ಮುಲಾಮಿನ ಖಾಲಿ ಕೊಳವೆಗಳು ಚೀಲದಲ್ಲಿರಲಿ.